ಡ್ರೈವರ್ ಆರಿಸುವಾಗ ಕೆಟ್ಟ ಹೊಡೆತವನ್ನೇ ನೋಡಿ



ಗಾಲ್ಫ್ ಅಂದ ಕೂಡಲೇ "ಅದು ದುಡ್ಡಿದ್ದವರ ಆಟ, ನಮಗ್ಯಾಕೆ ಸಾರ್?" ಅಂತ ನಿಮ್ಮಲ್ಲಿ ಕೆಲವರು ಕೇಳ್ತೀರಿ. ನೀಲಗಿರಿ ಕಡೆಯ ಓದುಗರು ಊಟಿಯ, ವೆಲಿಂಗ್ಟನ್ನಿನ ಗಾಲ್ಫ್ ಮೈದಾನಗಳನ್ನು ಬೇಲಿಯಾಚೆಯಿಂದಲಾದರೂ ನೋಡಿರುತ್ತೀರಿ. ಉಳಿದವರು ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದ ಅಂತರದಲ್ಲಿ ಪದಕ ಕಳೆದುಕೊಂಡು ನಾಲ್ಕನೆಯವರಾದದ್ದನ್ನು ಟಿ.ವಿ.ಯಲ್ಲಿ ನೋಡಿರಬಹುದು. ಆಡದಿದ್ದರೂ ಪರವಾಗಿಲ್ಲ. ಈ ಆಟದ ಒಂದು ಸಲಕರಣೆಯಲ್ಲಿ ನಮ್ಮ ಭೌತಶಾಸ್ತ್ರದ ಒಂದು ಇಡೀ ಅಧ್ಯಾಯ ಅಡಗಿದೆ. ಅದರ ಹೆಸರು ಡ್ರೈವರ್. ಬಸ್ಸಿನ ಡ್ರೈವರ್ ಅಲ್ಲ. ಚೆಂಡನ್ನು ಅತಿ ದೂರಕ್ಕೆ ಹೊಡೆಯುವ, ಉದ್ದ ಹಿಡಿಯ, ದೊಡ್ಡ ತಲೆಯ ಕೋಲು.

ಮೊದಲು ಹ್ಯಾಂಡಿಕ್ಯಾಪ್ ಅಂದರೇನು ತಿಳಿಯಿರಿ. 72 ಹೊಡೆತಗಳಲ್ಲಿ ಮುಗಿಸಬೇಕಾದ ಮೈದಾನವನ್ನು ಒಬ್ಬ ತನ್ನ ಒಳ್ಳೆಯ ದಿನಗಳಲ್ಲಿ 92ರಲ್ಲಿ ಮುಗಿಸುತ್ತಾನೆ ಅನ್ನಿ, ಅವನ ಹ್ಯಾಂಡಿಕ್ಯಾಪ್ ಸುಮಾರು 20. ಸಂಖ್ಯೆ ಹೆಚ್ಚಿದಷ್ಟೂ ಆಟ ಕಚ್ಚಾ. ಅಂಥವನ ಚೆಂಡು ಕೋಲಿನ ಮುಖದ ನಟ್ಟನಡುವೆ ತಾಗುವುದೇ ಅಪರೂಪ. ಒಮ್ಮೆ ತುದಿಗೆ, ಇನ್ನೊಮ್ಮೆ ಹಿಡಿಯ ಬುಡದ ಕಡೆಗೆ ತಾಗುತ್ತದೆ. ಆದರೂ ಅಂಗಡಿಗೆ ಹೋದರೆ ಅವನು ಕೇಳುವುದು ಒಂದೇ: "ಯಾವುದು ಎಲ್ಲಕ್ಕಿಂತ ದೂರ ಹೋಗುತ್ತೆ?"

ಈ ಪ್ರಶ್ನೆಯೇ ತಪ್ಪು ಅನ್ನುವುದು ನನ್ನ ವಾದ. ಅದಕ್ಕೆ ಸಿಗುವ ಉತ್ತರ ಹತ್ತರಲ್ಲಿ ಒಂದು ಒಳ್ಳೆಯ ಹೊಡೆತಕ್ಕೆ ಸಂಬಂಧಿಸಿದ್ದು. ಉಳಿದ ಒಂಬತ್ತು ಎಲ್ಲಿಗೆ ಹೋಗುತ್ತವೆ ಅಂತ ಕೇಳಬೇಕು.

ಚೆಂಡು ನಡುವಿನಿಂದ ಆಚೆ ತಾಗಿದಾಗ ಏನಾಗುತ್ತದೆ ನೋಡಿ. ಬಲವು ತಲೆಯ ರಾಶಿಕೇಂದ್ರದ ಮೂಲಕ ಹಾಯದೆ ಪಕ್ಕದಲ್ಲಿ ಹಾಯುತ್ತದೆ. ಆಗ ತಲೆ ಕೈಯಲ್ಲೇ ತಿರುಚುತ್ತದೆ, ಮುಖ ಓರೆಯಾಗುತ್ತದೆ, ವೇಗವೂ ಸೋರುತ್ತದೆ. ಚೆಂಡು ಮುಖಕ್ಕೆ ಅಂಟಿರುವುದು ಒಂದು ಸೆಕೆಂಡಿನ ಸುಮಾರು ಎರಡು ಸಾವಿರದ ಒಂದು ಭಾಗ ಮಾತ್ರ. ಅಷ್ಟರಲ್ಲಿ ಕೈಯಿಂದ ತಿದ್ದಲು ಯಾರಿಂದಲೂ ಆಗುವುದಿಲ್ಲ. ತಿರುಚುವಿಕೆಯನ್ನು ತಡೆಯಬೇಕಾದದ್ದು ಕೋಲೇ. ಆ ತಡೆಯುವ ಗುಣಕ್ಕೆ ಮೊಮೆಂಟ್ ಆಫ್ ಇನರ್ಷಿಯಾ ಅನ್ನುತ್ತೇವೆ. ಕನ್ನಡದಲ್ಲಿ ಜಡತ್ವ ಮಹತ್ವ ಅಂತ ಬರೆಯುವುದುಂಟು. ರಾಶಿಯನ್ನು ಕೇಂದ್ರದಿಂದ ಇರುವ ದೂರದ ವರ್ಗದಿಂದ ಗುಣಿಸಿದರೆ ಅದು ಸಿಗುತ್ತದೆ. 'ವರ್ಗ' ಅನ್ನುವ ಮಾತಿನಲ್ಲೇ ಎಲ್ಲ ಗುಟ್ಟು ಇರುವುದು.

ಡ್ರೈವರಿನ ತಲೆಯ ರಾಶಿ ಸುಮಾರು 200 ಗ್ರಾಂ. ಅಷ್ಟೂ ರಾಶಿ ಕೇಂದ್ರದಿಂದ 3 ಸೆಂ.ಮೀ. ದೂರದಲ್ಲಿದೆ ಅಂದುಕೊಳ್ಳಿ: 200 × 9, ಅಂದರೆ 1800. ಅದನ್ನೇ 5.4 ಸೆಂ.ಮೀ.ಗೆ ಸರಿಸಿ: ಸುಮಾರು 5830. ತೂಕ ಒಂದು ಗ್ರಾಮೂ ಹೆಚ್ಚಲಿಲ್ಲ, ತಿರುಚುವಿಕೆ ಮಾತ್ರ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾಯಿತು! ಇದನ್ನು ಕೈಯಲ್ಲೇ ನೋಡಬಹುದು. ಒಂದು ಅಡಿಪಟ್ಟಿಯನ್ನು ನಡುವಿಗೆ ದಾರ ಕಟ್ಟಿ ಅಡ್ಡಲಾಗಿ ತೂಗುಹಾಕಿ. ಎರಡು ಒಂದೇ ಅಳತೆಯ ರಬ್ಬರುಗಳನ್ನು ಮೊದಲು ನಡುವಿನ ಹತ್ತಿರ, ಆಮೇಲೆ ಎರಡು ತುದಿಗಳಲ್ಲಿ ಅಂಟಿಸಿ. ಎರಡೂ ಸಲ ಒಂದೇ ಜಾಗಕ್ಕೆ ಬೆರಳಿನಿಂದ ಒಂದೇ ರೀತಿ ತಟ್ಟಿ.

ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಎಂಜಿನಿಯರ್ ಆಗಿದ್ದ, ನಾರ್ವೆಯಲ್ಲಿ ಹುಟ್ಟಿದ ಕಾರ್‌ಸ್ಟನ್ ಸೋಲ್ಹೈಮ್ 1959ರಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಚೆಂಡನ್ನು ಗುಳಿಗೆ ಉರುಳಿಸುವ ಪಟರ್ ಎಂಬ ಕೋಲಿನ ತೂಕವನ್ನು ಅವರು ನಡುವಿನಿಂದ ತೆಗೆದು ಎರಡು ಬದಿಗೆ ಹಂಚಿದರು. ಹೊಡೆದಾಗ 'ಪಿಂಗ್' ಅಂತ ಸದ್ದು ಬರುತ್ತಿತ್ತು. ಆ ಸದ್ದೇ ಅವರ ಕಂಪನಿಯ ಹೆಸರಾಯಿತು. ಮುಂದೆ ಮರದ ತಲೆಗಳು ಹೋಗಿ ಉಕ್ಕು, ಟೈಟಾನಿಯಂ ಬಂದಾಗ ಟೊಳ್ಳಾದ ದೊಡ್ಡ ತಲೆಯ ಅಂಚಿಗೆ ತೂಕವನ್ನು ಒಯ್ಯುವುದು ಸುಲಭವಾಯಿತು.

"ಇದು ಮೋಸ ಅಲ್ವಾ? ಆಟ ಬಾರದವನಿಗೆ ಊರುಗೋಲು" ಅನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಮಿತಿ ಎಷ್ಟು ಅಂತ ನಿಯಮವೇ ಹೇಳಿದೆ: ತಲೆಯ ಗಾತ್ರ 460 ಘನ ಸೆಂ.ಮೀ., ಜಡತ್ವ ಮಹತ್ವ 5900 ಗ್ರಾಂ ಚದರ ಸೆಂ.ಮೀ., ಅಳತೆಯ ವ್ಯತ್ಯಾಸಕ್ಕೆ ಇನ್ನೊಂದು 100. ಚೆಂಡನ್ನು ಗುಳಿಗೆ ಕಳಿಸುವ ಕೆಲಸ ಆಗಲೂ ಆಟಗಾರನದೇ. ನನಗೆ ನೋವಾಗುವುದು ಬೇರೆ ಕಡೆ. ದೊಡ್ಡವರು ಬಿಸಾಡಿದ ಹಳೇ ಸಣ್ಣ ತಲೆಯ ಕೋಲು ಹಿಡಿದ ಹುಡುಗಿ ನಾಲ್ಕು ದಿನ ಆಡಿ "ನನಗೆ ಇದು ಬರಲ್ಲ" ಅಂತ ಕೈಬಿಡುತ್ತಾಳೆ. ತನಗಿಂತ ಭಾರವಾದ ಕ್ರಿಕೆಟ್ ಬ್ಯಾಟ್ ಎತ್ತುವ ನಮ್ಮ ಐದನೇ ಕ್ಲಾಸಿನ ಹುಡುಗನೂ ಹಾಗೇ. ಅಲ್ಲಿ ಕೊರತೆ ಇದ್ದದ್ದು ಮಗುವಿನಲ್ಲಲ್ಲ, ಸೂತ್ರದ ಆ 'ದೂರದ ವರ್ಗ'ದಲ್ಲಿ.

ಇನ್ನು ಮುಖದ ಓರೆ, ಅಂದರೆ ಲಾಫ್ಟ್. ಚಾಂಪಿಯನ್ನರು 9 ಡಿಗ್ರಿ ಹಿಡಿಯುತ್ತಾರೆ ಅಂತ ಹೊಸಬರೂ ಅದನ್ನೇ ಕೇಳುತ್ತಾರೆ. ಬೇಡ. 10.5ರಿಂದ 12 ಡಿಗ್ರಿ ಒಳ್ಳೆಯದು. ಓರೆ ಹೆಚ್ಚಾದಾಗ ಚೆಂಡಿನ ಹಿಂಬದಿ ತಿರುಗುವಿಕೆ ಹೆಚ್ಚುತ್ತದೆ. ಆಗ ಅಷ್ಟೇ ತಪ್ಪಿಗೆ ಅದರ ತಿರುಗುವ ಅಕ್ಷ ಕಡಿಮೆ ವಾಲುತ್ತದೆ, ದಾರಿಯೂ ಕಡಿಮೆ ಬಾಗುತ್ತದೆ. ಹಿಡಿಯ ಉದ್ದವೂ ಹಾಗೇ. 45 ಇಂಚಿನ ಬದಲು 44 ಇಂಚು ಹಿಡಿದರೆ ವೇಗ ಸ್ವಲ್ಪ ಹೋಗುತ್ತದೆ, ಆದರೆ ನಡುವಿಗೆ ತಾಗಿಸುವುದು ಸುಲಭ.

ಬೆಲೆ? ಹೊಸ ಡ್ರೈವರುಗಳಿಗೆ ಹತ್ತಾರು ಸಾವಿರ ರೂಪಾಯಿ. ಆದರೆ ಗಾತ್ರಕ್ಕೂ ಮುಖದ ಚಿಮ್ಮುವಿಕೆಗೂ ನಿಯಮ ತಡೆ ಹಾಕಿ ಎರಡು ದಶಕ ದಾಟಿದೆ. ಹಾಗಾಗಿ ನಾಲ್ಕೈದು ವರ್ಷ ಹಳೆಯ, ಬಿರುಕಿಲ್ಲದ, ದೊಡ್ಡ ತಲೆಯ ಡ್ರೈವರ್ ಕಚ್ಚಾ ಆಟಗಾರನಿಗೆ ಧಾರಾಳ ಸಾಕು. ಜಾಹೀರಾತು ಇದನ್ನು ಹೇಳುವುದಿಲ್ಲ ಬಿಡಿ.

ಕೊನೆಗೆ ನಿಮಗೊಂದು ಲೆಕ್ಕ. ಆ 200 ಗ್ರಾಮನ್ನೂ 6 ಸೆಂ.ಮೀ. ದೂರಕ್ಕೆ ಒಯ್ದರೆ ಆ ಕೋಲು ನಿಯಮದೊಳಗೆ ಇರುತ್ತದೆಯೇ? ಇಲ್ಲವಾದರೆ, 6 ಸೆಂ.ಮೀ.ನಲ್ಲೇ ಇಟ್ಟು ಎಷ್ಟು ಗ್ರಾಂ ಕಡಿಮೆ ಮಾಡಬೇಕು? ಉತ್ತರವನ್ನು ಅಡಿಪಟ್ಟಿಯ ಪ್ರಯೋಗದ ಟಿಪ್ಪಣಿಯ ಜೊತೆ ನಿಮ್ಮ ವಿಜ್ಞಾನದ ಮೇಷ್ಟ್ರಿಗೋ ಟೀಚರಿಗೋ ತೋರಿಸಿ.