ಸರೋವರಕ್ಕೆ ಹೊರಟ ಹುಡುಗರೂ, ಸಾಲದ ರಜೆಯೂ

ಚಿಕ್ಕಮಗಳೂರು ಬಸ್ ಸ್ಟ್ಯಾಂಡಿನ ಬಳಿಯ ಹೋಟೆಲೊಂದರ ಮೂಲೆ ಟೇಬಲ್ಲು ಒಂದು ವಾರದಿಂದ ಯಾರಿಗೂ ಖಾಲಿ ಸಿಕ್ತಾ ಇಲ್ಲ. ಸಂಜೆ ಏಳಾದರೆ ಹನ್ನೊಂದು ಹುಡುಗರು ಅಲ್ಲಿ ಹಾಜರು. ಐದು ಕಾಫಿ, ಹನ್ನೊಂದು ಲೋಟ. ಮಧ್ಯದಲ್ಲೊಂದು ನೋಟ್ ಬುಕ್ಕು.

ಹಿಮಾಲಯಕ್ಕೆ ಹೊರಟಿದ್ದಾರೆ ಸ್ವಾಮಿ! ಬೆನ್ನಿಗೆ ಚೀಲ ಕಟ್ಟಿಕೊಂಡು, ಉತ್ತರಾಖಂಡದ ಸಹಸ್ರತಾಲ್ ಎಂಬ ಸರೋವರಕ್ಕೆ. ಒಬ್ಬ ಬಟ್ಟೆ ಅಂಗಡಿಯವನು, ಇಬ್ಬರು ಮೊಬೈಲ್ ರಿಪೇರಿಯವರು, ಒಬ್ಬ ಫೈನಾನ್ಸ್ ಆಫೀಸಿನವನು, ಉಳಿದವರು ಕಾಲೇಜಿನವರು.

ಇದರ ಸುಳಿವು ನನಗೆ ಕೊಟ್ಟವರು ಒಬ್ಬ ದಿನಸಿ ಅಂಗಡಿ ಯಜಮಾನರು. ತಂಡದಲ್ಲಿ ಅವರ ಮಗನೂ ಇದ್ದಾನೆ. "ರಿಪೋರ್ಟರೇ, ಬೇಡ ಅಂದ್ರೆ ಧರ್ಮಸ್ಥಳಕ್ಕೆ ಅಂತ ಸುಳ್ಳು ಹೇಳಿ ಹೋಗ್ತಾನೆ. ಹೂಂ ಅಂದ್ರೆ ನನಗೆ ನಿದ್ದೆ ಬರಲ್ಲ. ನೀವಾದ್ರೂ ಒಂದ್ಸಲ ಮಾತಾಡಿ ನೋಡಿ" ಅಂದರು.

ಹೋದೆ. "ಬನ್ನಿ ಅಣ್ಣ, ಕೂತ್ಕೊಳ್ಳಿ" ಎಂದು ಜಾಗ ಬಿಟ್ಟರು. ನೋಟ್ ಬುಕ್ಕು ತೋರಿಸಿದರು. ಶೂಸು, ಟಾರ್ಚು, ಕ್ಯಾಮೆರಾ, ಬಿಸ್ಕತ್ತು, ತಂಡದ ಹೆಸರು ಬರೆಸಿದ ಟೀ ಶರ್ಟು. ಟಿಕೆಟ್ ಇನ್ನೂ ಆಗಿಲ್ಲ, ಟೀ ಶರ್ಟಿಗೆ ಅಡ್ವಾನ್ಸ್ ಕೊಟ್ಟಾಗಿದೆ. ಪುಟ ತಿರುಗಿಸಿ ತಿರುಗಿಸಿ ನೋಡಿದೆ. ಹೋಗುವುದರ ಬಗ್ಗೆ ಎಲ್ಲ ಇದೆ. ಕಷ್ಟ ಬಂದರೆ ವಾಪಸು ಬರುವುದರ ಬಗ್ಗೆ ಒಂದು ಸಾಲೂ ಇಲ್ಲ.

"ಮುಳ್ಳಯ್ಯನಗಿರಿ ನಮಗೆ ಲೆಕ್ಕಕ್ಕೇ ಇಲ್ಲ ಅಣ್ಣ, ಓಡ್ಕೊಂಡು ಹತ್ತುತೀವಿ" ಅಂದ ಒಬ್ಬ. ಒಪ್ಪಿದೆ. ಆದರೆ ಮುಳ್ಳಯ್ಯನಗಿರಿ 1,930 ಮೀಟರ್. ಸಹಸ್ರತಾಲ್ 4,500 ಮೀಟರ್ ಆಸುಪಾಸು, ಅಂದರೆ ಸುಮಾರು 15,000 ಅಡಿ. ಒಂದು ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದನ್ನು ಇಟ್ಟರೂ ಆ ಸರೋವರದ ದಂಡೆ ಮುಟ್ಟೋದಿಲ್ಲ. ಅಲ್ಲಿನ ಒಂದು ಉಸಿರಿನಲ್ಲಿ ಸಿಗುವ ಪ್ರಾಣವಾಯು ಸಮುದ್ರಮಟ್ಟದಲ್ಲಿ ಸಿಗುವುದರ ನೂರಕ್ಕೆ ಅರವತ್ತು ಪಾಲೂ ಇಲ್ಲ. ಓಡಿ ಹತ್ತುವವನೇ ಅಲ್ಲಿ ಮೊದಲು ಮಲಗೋದು.

ಮರೆತೇ ಹೋಯಿತೇ?

ಸಹಸ್ರತಾಲ್ ಹೆಸರು ಕೇಳಿದಾಗ ನನ್ನ ಎದೆ ಧಸಕ್ಕೆಂದಿತು. ಹುಡುಗರಿಗೆ ಏನೂ ಅನ್ನಿಸಲಿಲ್ಲ. 2024ರ ಜೂನ್ ಮೊದಲ ವಾರ ನೆನಪಿದೆಯೇ ಓದುಗರೇ? ಕರ್ನಾಟಕದಿಂದ ಹೋದ ತಂಡ ಅದೇ ಸರೋವರ ನೋಡಿ ಇಳಿಯುತ್ತಿತ್ತು. ಗೈಡುಗಳೂ ಸೇರಿ 22 ಜನ. ಹಿಂದೆ ಹಿಮಾಲಯ ತುಳಿದ ಅನುಭವಿಗಳೂ ಇದ್ದರು. ಸರೋವರ ಕಂಡಾಗಿತ್ತು. ಕ್ಯಾಂಪಿಗೆ ಮರಳುವ ದಾರಿಯಲ್ಲಿ ಹಿಮದ ಬಿರುಗಾಳಿ ಎದ್ದಿತು. ಮುಂದಿದ್ದವರ ಬೆನ್ನು ಹಿಂದಿದ್ದವರಿಗೆ ಕಾಣದಂತಾಯಿತು. ಬಯಲಲ್ಲೇ ರಾತ್ರಿ ಕಳೆಯಬೇಕಾಯಿತು. ಒಂಬತ್ತು ಜನ ಮರಳಲಿಲ್ಲ. ಫೋನ್ ಸಿಗ್ನಲ್ ಸಿಗುವ ಜಾಗದವರೆಗೂ ನಡೆದು ಸುದ್ದಿ ಮುಟ್ಟಿಸಬೇಕಾಯಿತು. ಹೆಲಿಕಾಪ್ಟರ್ ಹೋಯಿತು. ಆಗ ಕಂದಾಯ ಸಚಿವರಾಗಿದ್ದ ಕೃಷ್ಣ ಬೈರೇಗೌಡರು ಡೆಹರಾಡೂನಿಗೆ ಧಾವಿಸಿದರು. 13 ಜನ ಉಳಿದರು.

ಆ ವಾರ ನಮ್ಮೂರಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಮುಂದಿನ ವಾರ ಬೇರೆ ಮಾತು. ಇಲ್ಲಿ ಕೂತು ಅಲ್ಲಿ ಯಾರದು ತಪ್ಪು ಎಂದು ತೀರ್ಪು ಕೊಡುವವನು ನಾನಲ್ಲ. ಪಿಯುಸಿಯನ್ನು ಅರ್ಧಕ್ಕೆ ಬಿಟ್ಟವನು ಬೆಟ್ಟದ ಶಾಸ್ತ್ರ ಏನು ಹೇಳಿಯಾನು? ಆದರೆ ಅನುಭವ ಇದ್ದವರಿಗೇ ಹಾಗಾದರೆ, ಟೀ ಶರ್ಟ್ ಮಾತ್ರ ಇರುವವರ ಪಾಡೇನು ಎಂದು ಕೇಳುವ ಹಕ್ಕಂತೂ ನನಗಿದೆ.

ಅಂಗಡಿ ಲೆಕ್ಕ

ನಮ್ಮ ಓದುಗರು ವ್ಯಾಪಾರಸ್ಥರು. ಅದಕ್ಕೇ ಅಂಗಡಿ ಲೆಕ್ಕದಲ್ಲೇ ಹೇಳ್ತೀನಿ. ಈ ಹುಡುಗರಿಗೆ ಸಿಕ್ಕಿರುವ ರಜೆ ಹನ್ನೆರಡು ದಿನ. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ದೆಹಲಿಗೆ ಎರಡು ರಾತ್ರಿ. ಅಲ್ಲಿಂದ ಋಷಿಕೇಶ. ಅಲ್ಲಿಂದ ಉತ್ತರಕಾಶಿಗೆ ಘಾಟಿ ರಸ್ತೆಯಲ್ಲಿ ಇನ್ನೊಂದು ದಿನ. ಹೋಗೋಕೆ ನಾಲ್ಕು, ಬರೋಕೆ ನಾಲ್ಕು. ಕೈಯಲ್ಲಿ ಉಳಿದದ್ದು ಬರೀ ನಾಲ್ಕು ದಿನ. ಆ ನಾಲ್ಕರಲ್ಲಿ 15,000 ಅಡಿ ಹತ್ತಿ ಇಳಿಯಬೇಕಂತೆ! 2024ರ ಆ ತಂಡ ಉತ್ತರಕಾಶಿಯಿಂದ ಮೇ 29ಕ್ಕೆ ಹೊರಟು ಜೂನ್ 7ಕ್ಕೆ ಮರಳುವ ಲೆಕ್ಕ ಇಟ್ಟುಕೊಂಡಿತ್ತು. ಹತ್ತು ದಿನ.

ಡಾಕ್ಟರುಗಳು ಹೇಳುವ ಲೆಕ್ಕ ಕೇಳಿ. 3,000 ಮೀಟರ್ ದಾಟಿದ ಮೇಲೆ, ರಾತ್ರಿ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಒಂದು ದಿನ ನಿಲ್ಲಬೇಕು. ಮೈ ಹೊಂದಿಕೊಳ್ಳಲು ಅಷ್ಟು ಸಮಯ ಬೇಕೇ ಬೇಕು. ವಿಮಾನದಲ್ಲಿ ಹೋಗಿ ದಿನ ಉಳಿಸಬಹುದು. ಆದರೆ ಉಳಿದ ದಿನವನ್ನು ಬೆಟ್ಟಕ್ಕೇ ಕೊಡಬೇಕು, ಮನೆಗೆ ಬೇಗ ಬರೋಕಲ್ಲ.

ಆತುರ ಮಾಡಿದರೆ ಏನಾಗುತ್ತದೆ? ಮೊದಲು ತಲೆನೋವು, ವಾಕರಿಕೆ, ಊಟ ಸೇರದಿರುವುದು. ಅಲ್ಲೇ ನಿಂತು ಸುಧಾರಿಸಿಕೊಂಡರೆ ಸಾಮಾನ್ಯವಾಗಿ ಇಳಿಯುತ್ತದೆ. ಮುಚ್ಚಿಟ್ಟುಕೊಂಡು ಮೇಲಕ್ಕೆ ಹೋದರೆ ಕಷ್ಟ. ಕೂತಲ್ಲೇ ಏದುಸಿರು, ಕೆಮ್ಮು ಬಂತೆಂದರೆ ಶ್ವಾಸಕೋಶಕ್ಕೆ ನೀರು ತುಂಬುತ್ತಿದೆ ಅಂತ ತಿಳಿಯಿರಿ. ಕುಡಿದವನ ಹಾಗೆ ತೂರಾಡಿದರೆ, ಮಾತು ತೊದಲಿದರೆ ಮಿದುಳು ಊದಿಕೊಳ್ಳುತ್ತಿದೆ ಅಂತ. ಆಮೇಲೆ ಬೆಳಗಾಗಲಿ ನೋಡೋಣ ಅನ್ನೋ ಹಾಗಿಲ್ಲ. ಆ ಕ್ಷಣವೇ ಕೆಳಗಿಳಿಸಬೇಕು.

ತಂಡ ಕರೆದೊಯ್ಯುವವರು ಡಾಕ್ಟರ್ ಸರ್ಟಿಫಿಕೇಟ್ ಕೇಳಿದ್ದಾರಂತೆ. "ಪರಿಚಯದವರ ಹತ್ರ ಸೀಲು ಹಾಕಿಸ್ಕೊಂಡ್ರಾಯ್ತು" ಎಂದು ನಗುತ್ತಾನೆ ಒಬ್ಬ. ತಮ್ಮಾ, ಆ ಸೀಲು ನಿನ್ನ ಜೊತೆ ಬೆಟ್ಟ ಹತ್ತೋದಿಲ್ಲ. ಎದೆಗೆ ಸ್ಟೆತಾಸ್ಕೋಪು ಇಡಿಸಿಕೊಂಡೇ ಹೋಗು.

ಲೀಡರ್ ಯಾರು?

ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಎಲ್ಲರೂ ಲೀಡರೇ ಅಣ್ಣ." ಹಾಗಂದರೆ ಯಾರೂ ಇಲ್ಲ ಅಂತ.

ನನ್ನದೇ ಒಂದು ಕಥೆ ಹೇಳ್ತೀನಿ. ಕಾಲೇಜು ಬಿಟ್ಟ ಹೊಸತರಲ್ಲಿ ಆರು ಜನ ಕುಮಾರ ಪರ್ವತಕ್ಕೆ ಹೋಗಿದ್ದೆವು. ಮಧ್ಯಾಹ್ನ ಮಂಜು ಇಳಿಯಿತು. ಒಬ್ಬ "ವಾಪಸು ಹೋಗೋಣ ಕಣ್ರೋ" ಅಂದ. ಅವನನ್ನು ಪುಕ್ಕಲ ಎಂದು ಅಣಕಿಸಿದವನು ನಾನೇ. ಹತ್ತಿದೆವು. ಇಳಿಯುವಾಗ ಕತ್ತಲು, ದಾರಿ ತಪ್ಪಿತು. ಇಡೀ ರಾತ್ರಿ ಮಳೆಯಲ್ಲಿ, ಇಂಬಳ ಕೀಳುತ್ತಾ, ಹಲ್ಲು ಕಟಕಟ ಎನ್ನುತ್ತಾ ಒಂದು ಮರದ ಬುಡದಲ್ಲಿ ಕೂತೆವು. ಬೆಳಿಗ್ಗೆ ಕೆಳಗಿಳಿಯುವಾಗ ನನ್ನ ಚೀಲ ಹೊತ್ತವನು ಆ ಪುಕ್ಕಲನೇ. ಅದು 1,712 ಮೀಟರಿನ ಬೆಟ್ಟ, ಹಾಗಾಗಿ ಇವತ್ತು ಈ ಕಾಲಂ ಬರೀತಿದೀನಿ.

ಅದಕ್ಕೇ ಹುಡುಗರಿಗೆ ನನ್ನ ಮಾತು ಇಷ್ಟು. ವಾಪಸಿನ ಮಾತನ್ನು ಇಲ್ಲೇ, ಈ ಟೇಬಲ್ಲಿನಲ್ಲೇ ಆಡಿ ಮುಗಿಸಿ. ಕೊನೆ ದಿನ ಇಷ್ಟು ಗಂಟೆಗೆ ಎಲ್ಲಿದ್ದರೂ ತಿರುಗುವುದು ಎಂದು ಬರೆದಿಡಿ, ಸರೋವರ ಕಣ್ಣಿಗೆ ಕಾಣ್ತಿದ್ದರೂ ಸರಿ. ತಿರುಗು ಎನ್ನುವ ಅಧಿಕಾರ ಒಬ್ಬನಿಗೆ ಕೊಡಿ, ಅವನ ಮೇಲೆ ಅಪೀಲಿಲ್ಲ. ಅಲ್ಲಿನ ಗೈಡ್ ಬೇಡ ಅಂದರೆ ಬೇಡ. ಹನ್ನೊಂದು ಜನಕ್ಕೆ ಒಬ್ಬನೇ ಗೈಡ್ ಸಾಲದು. ಒಬ್ಬನಿಗೆ ಹುಷಾರಿಲ್ಲದಿದ್ದರೆ ಅವನನ್ನು ಇಳಿಸುವವರು ಯಾರು, ಉಳಿದವರ ಜೊತೆ ನಿಲ್ಲುವವರು ಯಾರು? ನಡೆಯುವ ವೇಗ ಎಲ್ಲರಿಗಿಂತ ನಿಧಾನದವನದು. ಹತ್ತಿಯ ಟೀ ಶರ್ಟು, ಜೀನ್ಸು ಒದ್ದೆಯಾದರೆ ಚಳಿಯನ್ನು ಮೈಗೆ ಅಂಟಿಸುತ್ತವೆ. ಉಣ್ಣೆ ಮತ್ತು ಮಳೆ ಕೋಟು ಹೇಸರಗತ್ತೆಯ ಬೆನ್ನಿನ ಮೇಲಲ್ಲ, ನಿಮ್ಮ ಬೆನ್ನಿನ ಮೇಲೇ ಇರಲಿ. ಹೋಗುವ ದಾರಿ, ಬರುವ ತಾರೀಕು, ಗೈಡಿನ ಫೋನ್ ನಂಬರು ಒಂದು ಹಾಳೆಯಲ್ಲಿ ಬರೆದು ಹನ್ನೊಂದು ಮನೆಯಲ್ಲೂ ಕೊಟ್ಟು ಹೋಗಿ.

ಇನ್ನು ಹಿರಿಯರಿಗೆ, ಅಂಗಡಿ ಯಜಮಾನರಿಗೆ ಒಂದು ಮಾತು. ಹುಡುಗರನ್ನು ತಡೆಯಬೇಡಿ. ಹದಿನೈದು ಸಾವಿರ ಅಡಿಯ ಮೇಲೆ ಹಿಮ ಕರಗಿದ ನೀರನ್ನು ನೋಡಬೇಕು ಅನ್ನೋದು ಕೆಟ್ಟ ಆಸೆಯಲ್ಲ. ಇಸ್ಪೀಟಿಗಿಂತ ಎಷ್ಟೋ ವಾಸಿ. ಆದರೆ ಹನ್ನೆರಡು ದಿನಕ್ಕಿಂತ ಒಂದು ದಿನ ಹೆಚ್ಚಾದರೆ ಸಂಬಳ ಕಟ್, ಕೆಲಸವೂ ಕಟ್ ಅಂತೀರಲ್ಲ, ಅಲ್ಲೇ ಇದೆ ಅಪಾಯ. ಮಧ್ಯಾಹ್ನ ಮೋಡ ಕಂಡಾಗ ಹುಡುಗನ ತಲೆಯಲ್ಲಿ ಓಡೋದು ಮೋಡವಲ್ಲ, ವಾಪಸ್ ಟಿಕೆಟ್ಟಿನ ತಾರೀಕು. "ನಾಳೆ ನೋಡೋಣ" ಅನ್ನೋಕೆ ಅವನ ಹತ್ತಿರ ನಾಳೆಯೇ ಇಲ್ಲ.

ದಿನಸಿ ಅಂಗಡಿ ಯಜಮಾನರೇ, ನಿಮ್ಮ ಮಗನಿಗೆ ಹೊಸ ಶೂಸಿಗೆ ದುಡ್ಡು ಕೊಟ್ಟೆ ಅಂದಿರಿ. ಸಂತೋಷ. ಅದರ ಜೊತೆ ಇನ್ನೊಂದು ವಾರ ರಜೆಯನ್ನೂ ಕೊಡಿ. ಅಷ್ಟು ದಿನ ತಕ್ಕಡಿ ನೀವೇ ಹಿಡಿಯಿರಿ.