ಟ್ಯಾಬ್ ತಗೊಳ್ಳೋ ಮೊದಲು ಅದರಾಗ ಕನ್ನಡ ಪುಸ್ತಕ ತೆರೆದು ನೋಡ್ರಿ



ಹತ್ತನೇತ್ತೆ ರಿಸಲ್ಟ್ ಬಂತಂದ್ರ ಜತ್ತ ತಾಲೂಕಿನ ಮನೆಮನೆಯಾಗ ಒಂದು ಮಾತು ಶುರು ಆಗ್ತೈತಿ: "ಅಪ್ಪಾ, ನನಗೊಂದು ಟ್ಯಾಬ್ ಬೇಕು." ಆ ರೊಕ್ಕ ಎಲ್ಲಿಂದ ಬರ್ತೈತಿ ಅಂತ ನಮಗೆಲ್ಲ ಗೊತ್ತೈತಿ. ಒಬ್ಬರ ಮನೆಯಾಗ ದಾಳಿಂಬೆ ತೋಟದ ಕೂಲಿ, ಇನ್ನೊಬ್ಬರ ಮನೆಯಾಗ ಕಬ್ಬು ಕಡಿಯಾಕ ಹೋಗಿ ತಂದ ಮುಂಗಡ, ಮತ್ತೊಬ್ಬರ ಮನೆಯಾಗ ಅವ್ವನ ಬಚತ್ ಗಟದ ಸಾಲ. ಅಂಥ ರೊಕ್ಕ ಒಮ್ಮೆ ತಪ್ಪು ವಸ್ತುವಿಗೆ ಹೋದರೆ ಎರಡನೇ ಸಲ ಕೇಳಾಕ ಬಾಯಿ ಬರೋದಿಲ್ಲ.

ನಮ್ಮ ಬಳಗದ ಹುಡುಗನೊಬ್ಬ ಆರು ಸಾವಿರಕ್ಕ ಸಿಗ್ತೈತಿ ಅಂತ ಹೆಸರೇ ಕೇಳದ ಕಂಪನಿಯ ಟ್ಯಾಬ್ ತಂದ. ಪುಸ್ತಕದ ಒಂದು ಪುಟ ತಿರುವಿದರೆ ಮುಂದಿನ ಪುಟ ಬರೋತನಕ ಕಾಯಬೇಕು. ನಾಲ್ಕು ತಿಂಗಳಿಗೆ ಚಾರ್ಜಿಂಗ್ ಪಿನ್ ಸಡಿಲಾಯಿತು, ಅಂಗಡಿಯವರು ಕೈ ಎತ್ತಿದರು. ಈಗ ಅದು ಮಾಡದಾಗ ಕುಂತೈತಿ. ಕಡಿಮೆ ಬೆಲೆ ಬೇರೆ, ಕೊಟ್ಟ ರೊಕ್ಕಕ್ಕ ತಕ್ಕ ವಸ್ತು ಬೇರೆ. ಇವತ್ತಿನ ನಮ್ಮ ಮಾತು ಇಷ್ಟ.

ಈ ಪಾಠವನ್ನು ದೇಶವೇ ಒಮ್ಮೆ ಕಲಿತಿದೆ. 2011ರ ಅಕ್ಟೋಬರ್ 5ರಂದು ದಿಲ್ಲಿಯಲ್ಲಿ ಆಗಿನ ಸಚಿವ ಕಪಿಲ್ ಸಿಬಲ್ ಅವರು 'ಆಕಾಶ್' ಟ್ಯಾಬ್ ಬಿಡುಗಡೆ ಮಾಡಿದರು. ಜಗತ್ತಿನ ಅತಿ ಅಗ್ಗದ ಟ್ಯಾಬ್ ಎಂದು ಹೆಸರಾಯಿತು. 7 ಇಂಚಿನ ಪರದೆ, 256 ಎಂಬಿ ರ‍್ಯಾಮ್, ಒತ್ತಿ ಒತ್ತಿ ಮುಟ್ಟಬೇಕಾದ ಸ್ಕ್ರೀನ್. ನಮಗೆ ಮುಖ್ಯವಾದ ಸಂಗತಿ ಇನ್ನೊಂದೈತಿ. ಅದರೊಳಗಿದ್ದದ್ದು ಆಂಡ್ರಾಯ್ಡ್ 2.2. ಆಂಡ್ರಾಯ್ಡ್‌ಗೆ ಕನ್ನಡ ಅಕ್ಷರ ಬಂದದ್ದು 2012ರ 4.1ರಲ್ಲಿ. ಅಂದರೆ ವಿದ್ಯಾರ್ಥಿಗಳಿಗಾಗಿಯೇ ಮಾಡಿದ ಆ ಟ್ಯಾಬಿನಲ್ಲಿ ಕನ್ನಡ ಬರಹ ಸರಿಯಾಗಿ ಮೂಡುತ್ತಲೇ ಇರಲಿಲ್ಲ. ಈಗ ಹಂಗಿಲ್ಲ, ಖರೆ. ಆದರೆ ಕನ್ನಡ ಓದಾಕ ಎಷ್ಟು ಹಗುರ ಅಂತ ಅಂಗಡಿಯವರು ನಿಮಗಾಗಿ ನೋಡೋದಿಲ್ಲ, ನೀವೇ ನೋಡಬೇಕು.

ಅಳತೆ ಎಷ್ಟಿರಬೇಕು?

ಪುಣೆಯ ಬಾಲಭಾರತಿ ನಮ್ಮ ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ಅಚ್ಚು ಹಾಕುತ್ತದೆ. ಅವುಗಳ ಪಿಡಿಎಫ್ ಇ-ಬಾಲಭಾರತಿ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಇಂಥ ಪುಸ್ತಕ, ಜೆರಾಕ್ಸ್ ನೋಟ್ಸು ಎಲ್ಲ ಹೆಚ್ಚುಕಡಿಮೆ ಎ4 ಹಾಳೆಯ ಅಳತೆ, ಅಗಲ 21 ಸೆಂಟಿಮೀಟರ್. ನಿಮ್ಮ ಫೋನಿನ ಅಗಲ ಸುಮಾರು 7 ಸೆಂಟಿಮೀಟರ್. ಪುಟ ಮೂರನೇ ಒಂದು ಪಾಲಿಗೆ ಕುಗ್ಗಿದಾಗ ಹಿಗ್ಗಿಸಿ, ಎಳೆದು, ಮತ್ತೆ ಹಿಗ್ಗಿಸಿ ಓದಬೇಕು. 8.7 ಇಂಚಿನ ಟ್ಯಾಬನ್ನು ಅಡ್ಡ ಹಿಡಿದರೆ ಅಗಲ ಸುಮಾರು 19 ಸೆಂಟಿಮೀಟರ್ ಆಗುತ್ತದೆ. ಅರ್ಧ ಪುಟ ಹೆಚ್ಚುಕಡಿಮೆ ಪುಸ್ತಕದ ಅಳತೆಯಲ್ಲೇ ಕಾಣುತ್ತದೆ. 11 ಇಂಚಿನದು ಇನ್ನೂ ಚಲೋ, ಆದರೆ ರೊಕ್ಕ ಹೆಚ್ಚು, ತೂಕ ಹೆಚ್ಚು. ಎಸ್‌ಟಿ ಬಸ್ಸಿನಾಗ ಒಂದ ಕೈಯಾಗ ಹಿಡಿದು ಓದಾಕ ಸಣ್ಣದ ಬೇಸಿ.

ಅಂಗಡಿಯಾಗ ಹಾಡು, ಸಿನಿಮಾ ಹಚ್ಚಿ ತೋರಸ್ತಾರ. ಅದಕ್ಕ ಮರುಳಾಗಬ್ಯಾಡ್ರಿ. ಒಂದು ಕನ್ನಡ ಪಾಠದ ಪಿಡಿಎಫ್ ತೆರೆಯಿರಿ. 'ಸ್ವಾತಂತ್ರ್ಯ', 'ರಾಷ್ಟ್ರೀಯ', 'ವೈಶಿಷ್ಟ್ಯ' ಇಂಥ ಶಬ್ದಗಳ ಒತ್ತಕ್ಷರ ಸ್ಪಷ್ಟ ಕಾಣಬೇಕು. ಇಪ್ಪತ್ತು ಪುಟ ಜೋರಾಗಿ ಸರಿಸಿ ನೋಡ್ರಿ, ತಡವರಿಸಬಾರದು.

ಒಳಗ ಏನಿರಬೇಕು?

4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಮೆಮೊರಿ ಕಾರ್ಡ್ ಹಾಕಾಕ ಸಂದು, ಟೈಪ್-ಸಿ ಚಾರ್ಜಿಂಗ್, ಆಂಡ್ರಾಯ್ಡ್ 13 ಅಥವಾ ಅದಕ್ಕಿಂತ ಹೊಸದು. ಇದಕ್ಕಿಂತ ಕೆಳಗ ಇಳೀಬ್ಯಾಡ್ರಿ. ಅಂದಾಜಿಗೆ ಹೇಳೋದಾದರೆ, 2023ರ ಅಕ್ಟೋಬರಿನಲ್ಲಿ ಬಂದ ಸ್ಯಾಮ್ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9 ಈ ಸಾಲಿನದು: 8.7 ಇಂಚು, 5,100 ಎಂಎಎಚ್ ಬ್ಯಾಟರಿ. ಬಂದಾಗಿನ ಬೆಲೆ ವೈ-ಫೈ ಮಾತ್ರ ಇರುವುದಕ್ಕೆ 12,999 ರೂಪಾಯಿ, ಸಿಮ್ ಹಾಕುವುದಕ್ಕೆ 15,999. ಇದು ಜಾಹೀರಾತಲ್ಲ, ಅಳತೆಗೋಲು. ಬೇರೆ ಕಂಪನಿಯದನ್ನ ಇದರ ಮುಂದ ಇಟ್ಟು ತೂಗಿ ನೋಡ್ರಿ, ಇವತ್ತಿನ ಬೆಲೆಯನ್ನೂ ನೋಡ್ರಿ.

ಸಿಮ್ ಬೇಕೋ ಬ್ಯಾಡೋ? ನಿಮ್ಮ ಕೈಯಾಗ ಸ್ವಂತ ಫೋನ್ ಇದ್ದರೆ ಹಾಟ್‌ಸ್ಪಾಟ್ ಸಾಕು, ಆ ಮೂರು ಸಾವಿರ ಉಳಿಸ್ರಿ. ಮನೆಗೆ ಒಂದೇ ಫೋನ್, ಅದೂ ಅಪ್ಪನ ಜೋಡಿ ಹೊಲಕ್ಕ ಹೋಗ್ತೈತಿ ಅಂದ್ರ ಸಿಮ್ ಇರೋದನ್ನೇ ತಗೋರಿ.

ಸಾಂಗಲಿಯಲ್ಲಿ ಕೊಂಡರೂ ವಿಜಯಪುರದಲ್ಲಿ ಕೊಂಡರೂ ದೊಡ್ಡ ಕಂಪನಿಗಳ ವಾರಂಟಿ ದೇಶದ ತುಂಬ ನಡೆಯುತ್ತದೆ. ಜಿಎಸ್‌ಟಿ ಬಿಲ್ ಮಾತ್ರ ಬಿಡಬ್ಯಾಡ್ರಿ.

ಕನ್ನಡ ಬರೆಯೋದು

ಜಿಬೋರ್ಡ್ ಕೀಲಿಮಣೆಯ ಭಾಷಾ ಪಟ್ಟಿಯಲ್ಲಿ ಕನ್ನಡ ಇದೆ. ಮಾತಾಡಿಯೂ ಬರೆಯಬಹುದು. ಒಂದು ತೊಡಕು ಮಾತ್ರ ನೆನಪಿರಲಿ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲುಗಳು ಟ್ಯಾಬಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಅದು ಟ್ಯಾಬಿನ ತಪ್ಪಲ್ಲ. ಗುರುಗಳಿಗೆ ಹೇಳಿ ಪಿಡಿಎಫ್ ಮಾಡಿ ಕಳಿಸಾಕ ಕೇಳ್ರಿ, ಇಲ್ಲಾ ಯೂನಿಕೋಡಿಗೆ ಬದಲಿಸಿ ಕೊಡಾಕ ಹೇಳ್ರಿ.

ಜೋಡಿಗೆ ಏನೇನು?

ಮೊದಲು ನಿಲ್ಲಿಸಾಕ ಬರೋ ಕವರ್ ಮತ್ತು ಟೆಂಪರ್ಡ್ ಗ್ಲಾಸ್. ನಮ್ಮ ಕಡೆ ಧೂಳಿಗೆ ಇವೆರಡೂ ಬೇಕೇ ಬೇಕು. ಆಮೇಲೆ 64 ಜಿಬಿ ಮೆಮೊರಿ ಕಾರ್ಡ್. ವೈರಿನ ಇಯರ್‌ಫೋನ್ ಸಾಕು, ಅದಕ್ಕ ಚಾರ್ಜ್ ಬೇಕಿಲ್ಲ. ಟೈಪ್-ಸಿ ಓಟಿಜಿ ಪಿನ್ ಒಂದಿರಲಿ, ಗೆಳೆಯರ ಪೆನ್ ಡ್ರೈವಿನಿಂದ ನೋಟ್ಸು ತಗೊಂಡರೆ ಡೇಟಾ ಉಳೀತೈತಿ.

ಕರೆಂಟ್ ಕೈಕೊಡೋ ಊರಿನವರು ಪವರ್ ಬ್ಯಾಂಕ್ ತಗೋರಿ. ಲೆಕ್ಕ ಗೊತ್ತಿರಲಿ: 10,000 ಎಂಎಎಚ್ ಅಂತ ಬರೆದಿದ್ದರೂ ಕೈಗೆ ಸಿಗೋದು ಸುಮಾರು 6,000. ಅಂದರೆ ಸಣ್ಣ ಟ್ಯಾಬ್ ಒಂದು ಸಲ ತುಂಬಿ ಒಂಚೂರು ಉಳಿಯುತ್ತದೆ. ಪವರ್ ಬ್ಯಾಂಕ್, ಚಾರ್ಜರ್ ಎರಡರ ಮೇಲೂ ಬಿಐಎಸ್ ಗುರುತು, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ.

ನೂರಿನ್ನೂರರ ಪೆನ್ನು ಬೆರಳಿನಷ್ಟ ಕೆಲಸ ಮಾಡ್ತೈತಿ, ಬಿಡ್ರಿ. ಬ್ಲೂಟೂತ್ ಕೀಬೋರ್ಡ್ ಕೂಡ ಅಂಗಡಿಯಲ್ಲೇ ಜೋಡಿಸಿ, ಕನ್ನಡ ಬರೆಯಾಕ ಬಂದರಷ್ಟೇ ತಗೋರಿ.

ಹಳೇದು ತಗೊಳ್ಳೋರಿಗೆ

ನಿಮ್ಮ ಕಣ್ಣ ಮುಂದೇ ರೀಸೆಟ್ ಮಾಡಿಸ್ರಿ. ಮತ್ತೆ ಚಾಲೂ ಆದಾಗ ಹಳೇ ಮಾಲಕರ ಗೂಗಲ್ ಖಾತೆ ಕೇಳಿದರೆ, ಇಲ್ಲಾ ಯಾವುದೋ ಸಂಸ್ಥೆಯ ಹೆಸರು ಬಂದರೆ ಕೈ ಹಾಕಬ್ಯಾಡ್ರಿ. ಕೋಚಿಂಗಿನವರು ಹಂಚಿದ ಎಷ್ಟೋ ಟ್ಯಾಬುಗಳಿಗೆ ಇಂಥ ಬೀಗ ಇರುತ್ತದೆ. ಸಿಮ್ ಇರುವುದಾದರೆ ಕೆವೈಎಂ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಜಾಗ ಬಿಟ್ಟು, 15 ಅಂಕಿಯ ಐಎಂಇಐ ಸಂಖ್ಯೆ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸ್ರಿ. ಕಳವಿನ ಮಾಲು ಅಂತ ದಾಖಲಾಗಿದ್ದರೆ ಗೊತ್ತಾಗ್ತೈತಿ.

ರೊಕ್ಕ ಕೊಡೋ ಮೊದಲು ಇನ್ನೊಂದು

ಒಬಿಸಿ, ವಿಜೆಎನ್‌ಟಿ, ಎಸ್‌ಬಿಸಿ ವಿದ್ಯಾರ್ಥಿಗಳಿಗೆ ಜೆಇಇ, ನೀಟ್, ಸಿಇಟಿ ತಯಾರಿಗೆ ಮಹಾರಾಷ್ಟ್ರದ ಮಹಾಜ್ಯೋತಿ ಸಂಸ್ಥೆ ಟ್ಯಾಬ್ ಕೊಟ್ಟಿದೆ. ಹತ್ತನೇತ್ತೆ ಮುಗಿಸಿ ವಿಜ್ಞಾನ ತಗೊಂಡವರು ಈ ವರ್ಷದ ಅರ್ಜಿ ಕರೆದಾರೇನು, ಶರತ್ತು ಏನೈತಿ, ಮೊದಲು ಅದನ್ನ ವಿಚಾರಿಸ್ರಿ. ನೋಟಿಸು ಮರಾಠಿಯಾಗ ಐತಿ ಅಂತ ಬಿಡಬ್ಯಾಡ್ರಿ. ಓದಾಕ ತೊಡಕಾದರೆ ನಮಗ ಕಳಿಸ್ರಿ, ಕೂಡಿ ಓದೋಣ. ಕನ್ನಡ ಶಾಲೆಯಾಗ ಕಲಿತವರೂ ಇದೇ ರಾಜ್ಯದ ಬೋರ್ಡಿನ ವಿದ್ಯಾರ್ಥಿಗಳು. ಕೇಳೋದು ನಮ್ಮ ಹಕ್ಕು.

ಅದು ಸಿಗದಿದ್ದರೆ ಅವ್ವನ ಗಟದ ರೊಕ್ಕ ಹಿಡಕೊಂಡು ಅಂಗಡಿಗೆ ಹೋಗ್ರಿ. ಹೋಗುವಾಗ ಫೋನಿನಾಗ ಒಂದು ಕನ್ನಡ ಪಾಠದ ಪಿಡಿಎಫ್ ಇಟ್ಟುಕೊಂಡೇ ಹೋಗ್ರಿ.