ನಿಧನ ವಾರ್ತೆಯಲ್ಲಿ ಬಿಟ್ಟುಹೋದ ನೌಕರಿ

ಪರದೇಶಕ್ಕೆ ಹೋಗಿ ನರ್ಸ್ ಆಗಿ ದುಡಿದು, ಎಂಬತ್ತೋ ತೊಂಬತ್ತೋ ತುಂಬಿ ತೀರಿಕೊಂಡ ಹೆಂಗಸಿನ ಬಗ್ಗೆ ಬರೆಯುವ ನಾಲ್ಕು ಸಾಲು ಎಲ್ಲಿ ಓದಿದರೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ತ್ಯಾಗಮಯಿ, ಮಕ್ಕಳಿಗಾಗಿ ಜೀವ ತೇಯ್ದವರು, ಸದಾ ನಗುಮುಖದ ಸೇವಾಮೂರ್ತಿ, ಅಪಾರ ಬಂಧುಬಳಗವನ್ನು ಅಗಲಿದ್ದಾರೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆಕೆ ಎಲ್ಲಿ ತರಬೇತಿ ಪಡೆದರು, ಯಾವ ವಾರ್ಡಿನಲ್ಲಿ ಎಷ್ಟು ವರ್ಷ ಇದ್ದರು, ಬಡ್ತಿ ಸಿಕ್ಕಿತೋ ಇಲ್ಲವೋ ಎಂಬುದು ಅಲ್ಲಿರುವುದಿಲ್ಲ. ಎಂಜಿನಿಯರು ತೀರಿಕೊಂಡರೆ ಅವರು ಕಟ್ಟಿಸಿದ ಸೇತುವೆಯ ಹೆಸರು ಬರುತ್ತದೆ, ನರ್ಸ್ ತೀರಿಕೊಂಡರೆ ಅವರ ಸ್ವಭಾವ ಬರುತ್ತದೆ. ಇದನ್ನು ಬರೀ ಬರವಣಿಗೆಯ ರೂಢಿ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ದುಡಿಮೆಯ ವಿವರ ಮರೆತು ಮಮತೆಯನ್ನಷ್ಟೇ ನೆನೆದರೆ ಲಾಭ ಆಕೆಯನ್ನು ಕರೆಸಿಕೊಂಡ ದೇಶಕ್ಕೆ. ಲೆಕ್ಕ ಕೇಳುವವರೇ ಇಲ್ಲದಂತಾಗುತ್ತದೆ.

ಬ್ರಿಟನ್ನಿನ ಕಥೆಯನ್ನೇ ನೋಡಿ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದದ್ದು 1948ರ ಜುಲೈ 5ರಂದು. ಅದಕ್ಕೆ ಎರಡು ವಾರ ಮೊದಲು, ಜೂನ್ 22ರಂದು, ಕೆರಿಬಿಯನ್ ದ್ವೀಪಗಳ ಜನರನ್ನು ಹೊತ್ತ ‘ಎಂಪೈರ್ ವಿಂಡ್‌ರಶ್’ ಹಡಗು ಟಿಲ್ಬರಿ ಬಂದರಿನಲ್ಲಿ ಅವರನ್ನು ಇಳಿಸಿತ್ತು. ಚಿಕಿತ್ಸೆ ಎಲ್ಲರಿಗೂ ಉಚಿತವಾಯಿತು, ಆದರೆ ವಾರ್ಡುಗಳಲ್ಲಿ ಕೈಗಳಿರಲಿಲ್ಲ. ಜಮೈಕಾ, ಬಾರ್ಬಡೋಸ್, ಟ್ರಿನಿಡಾಡ್‌ನಿಂದ ಹರೆಯದ ಹುಡುಗಿಯರನ್ನು ಕರೆಸಿಕೊಂಡರು. ತರಬೇತಿಯಲ್ಲಿ ಎರಡು ದಾರಿಗಳಿದ್ದವು. ಮೂರು ವರ್ಷ ಓದಿದರೆ ‘ರಿಜಿಸ್ಟರ್ಡ್’ ನರ್ಸ್, ಎರಡು ವರ್ಷ ಓದಿದರೆ ‘ಎನ್‌ರೋಲ್ಡ್’ ನರ್ಸ್. ಬಂದವರಲ್ಲಿ ಅನೇಕರನ್ನು, ವ್ಯತ್ಯಾಸ ಏನೆಂದು ಬಿಡಿಸಿ ಹೇಳದೆ, ಎರಡನೆಯ ದಾರಿಗೆ ಹಚ್ಚಿದರು. ಒಂದು ವರ್ಷ ಬೇಗ ಸಂಬಳ ಕೈಗೆ ಬರುತ್ತದಲ್ಲ ಎಂದು ಹುಡುಗಿಯರಿಗೂ ಅನಿಸಿರಬಹುದು. ಅದರ ಬೆಲೆ ಗೊತ್ತಾದದ್ದು ಆಮೇಲೆ. ಎನ್‌ರೋಲ್ಡ್ ನರ್ಸ್ ವಾರ್ಡಿನ ಉಸ್ತುವಾರಿ ಹೊರುವ ‘ವಾರ್ಡ್ ಸಿಸ್ಟರ್’ ಆಗುವಂತಿರಲಿಲ್ಲ, ಊರಿಗೆ ಮರಳೋಣವೆಂದರೆ ಬಹಳ ಕಡೆ ಆ ಪ್ರಮಾಣಪತ್ರಕ್ಕೆ ಕಿಮ್ಮತ್ತೇ ಇರಲಿಲ್ಲ. ಹೀಗೆ ಸಿಕ್ಕಿಕೊಂಡು ಮೂವತ್ತು ವರ್ಷ ಅದೇ ದರ್ಜೆಯಲ್ಲಿ ದುಡಿದು ನಿವೃತ್ತರಾದವರ ಬಗ್ಗೆ ‘ಆಕೆಗೆ ಪದವಿಯ ಆಸೆ ಇರಲಿಲ್ಲ, ಸೇವೆಯೇ ಸಾಕಿತ್ತು’ ಎಂದು ಬರೆದುಬಿಟ್ಟರೆ, ಮುಚ್ಚಿದ ಬಾಗಿಲನ್ನು ಆಕೆಯ ಸದ್ಗುಣವೆಂದು ಹೊಗಳಿದಂತಾಯಿತು.

ಡ್ಯಾಫ್ನಿ ಸ್ಟೀಲ್ ಅವರನ್ನು ಇಂಗ್ಲೆಂಡ್ ಇಂದಿಗೂ ಹೆಸರು ಹಿಡಿದು ನೆನೆಯುತ್ತದೆ. ಕಾರಣ, ಅವರ ವಿಷಯದಲ್ಲಿ ನೌಕರಿಯ ದಾಖಲೆ ಉಳಿದಿದೆ. 1927ರಲ್ಲಿ ಗಯಾನಾದಲ್ಲಿ ಹುಟ್ಟಿ, ಅಲ್ಲಿಯೇ ನರ್ಸಿಂಗ್ ಆರಂಭಿಸಿ, 1951ರಲ್ಲಿ ಇಂಗ್ಲೆಂಡಿಗೆ ಬಂದು ಮತ್ತೆ ತರಬೇತಿ ಪಡೆದವರು. 1964ರಲ್ಲಿ ಯಾರ್ಕ್‌ಶೈರಿನ ಇಲ್ಕ್ಲಿ ಎಂಬ ಊರಿನ ಸೇಂಟ್ ವಿನಿಫ್ರೆಡ್ಸ್ ಹೆರಿಗೆ ಆಸ್ಪತ್ರೆಗೆ ಮೇಟ್ರನ್, ಅಂದರೆ ನರ್ಸುಗಳ ಮುಖ್ಯಸ್ಥೆ, ಆದರು. ಆರೋಗ್ಯ ಸೇವೆಯ ಮೊದಲ ಕಪ್ಪು ಮೇಟ್ರನ್ ಅವರೇ. ಸುದ್ದಿ ತಿಳಿದು ಬೇರೆಬೇರೆ ದೇಶಗಳಿಂದ ನೂರಾರು ಕಾಗದಗಳು ಬಂದವು. 2004ರಲ್ಲಿ ತೀರಿಕೊಂಡ ಅವರು ಒಬ್ಬ ಮಗನ ತಾಯಿಯೂ ಹೌದು. ಆದರೆ ಈ ಬದುಕಿನಿಂದ ನಮಗೆ ತಿಳಿಯಬೇಕಾದ ಸತ್ಯ ‘ಮೇಟ್ರನ್’ ಎಂಬ ಪದ ಮತ್ತು 1964 ಎಂಬ ಇಸವಿಯಲ್ಲಿದೆ. ಕಪ್ಪು ನರ್ಸುಗಳ ಬೆವರಿನಲ್ಲಿ ನಿಂತ ವ್ಯವಸ್ಥೆಗೆ ಅವರಲ್ಲೊಬ್ಬರನ್ನು ಆ ಕುರ್ಚಿಯಲ್ಲಿ ಕೂರಿಸಲು ಹದಿನಾರು ವರ್ಷ ಬೇಕಾಯಿತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಮಕ್ಕಳು ಅಳುವುದು ತಾಯಿಗಾಗಿ, ಸರ್ವಿಸ್ ರಿಜಿಸ್ಟರಿಗಾಗಿ ಅಲ್ಲ, ಶೋಕದ ಮನೆಯಲ್ಲಿ ಬಡ್ತಿಯ ಮಾತು ಯಾಕೆ ಎಂದು. ಆದರೆ ಆ ತಾಯ್ತನ ಹೇಗಿರಬೇಕೆಂಬುದನ್ನು ಬಹುಪಾಲು ತೀರ್ಮಾನಿಸಿದ್ದೇ ಡ್ಯೂಟಿ ಪಟ್ಟಿ. ಎಷ್ಟೋ ತಾಯಂದಿರು ರಾತ್ರಿ ಪಾಳಿಯನ್ನೇ ಕೇಳಿ ಪಡೆದದ್ದು ಹಗಲು ಮಕ್ಕಳನ್ನು ನೋಡಿಕೊಳ್ಳುವವರಿಲ್ಲ ಎಂಬ ಕಾರಣಕ್ಕೆ. ಸಮವಸ್ತ್ರದ ಎದೆಗೆ ತಲೆಕೆಳಗಾಗಿ ಸಿಕ್ಕಿಸಿದ ಪುಟ್ಟ ಗಡಿಯಾರ, ಬಗ್ಗಿ ನೋಡಿದರೆ ತನಗೆ ಮಾತ್ರ ನೆಟ್ಟಗೆ ಕಾಣುವಂಥದ್ದು. ಒಂದು ಕೈ ರೋಗಿಯ ಮಣಿಕಟ್ಟಿನಲ್ಲಿ, ಕಣ್ಣು ಸೆಕೆಂಡಿನ ಮುಳ್ಳಿನಲ್ಲಿ. ಎರಡೆರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕು, ತಪ್ಪಿದರೆ ಬೆನ್ನಿಗೆ ಹಾಸಿಗೆ ಹುಣ್ಣು. ಬೆಳಗ್ಗೆ ಮನೆಗೆ ಬಂದರೆ ಮಕ್ಕಳ ತಲೆ ಬಾಚಿ ಶಾಲೆಗೆ ಕಳಿಸುವ ಹೊತ್ತು. ತಾಯಿ ಬೇರೆ, ನರ್ಸ್ ಬೇರೆ ಎಂದು ಸೀಳಿ ನೋಡಲು ಬರುವ ಬದುಕಲ್ಲ ಇದು.

ಇನ್ನು ಎಷ್ಟೋ ಮಕ್ಕಳು ಮೊದಲ ಕೆಲವು ವರ್ಷ ಅಜ್ಜಿಯ ಬಳಿ ಕೆರಿಬಿಯನ್ ದ್ವೀಪದಲ್ಲೇ ಉಳಿದು, ಆಮೇಲೆ ತಾಯಿಯನ್ನು ಸೇರಿಕೊಂಡವರು. 1973ಕ್ಕೆ ಮೊದಲು ಬಂದು ನೆಲೆಸಿದವರಿಗೆ ಬ್ರಿಟನ್ನಿನಲ್ಲಿರುವ ಹಕ್ಕಿತ್ತು, ಕೈಯಲ್ಲಿ ಕಾಗದ ಮಾತ್ರ ಇರಲಿಲ್ಲ. ಅವರು ಬಂದಿಳಿದ ದಿನದ ಚೀಟಿಗಳನ್ನು ಗೃಹ ಇಲಾಖೆ 2010ರಲ್ಲಿ ನಾಶಮಾಡಿತು, ಆಮೇಲೆ ಪ್ರತಿಯೊಂದು ವರ್ಷಕ್ಕೂ ದಾಖಲೆ ತನ್ನಿ ಎಂದು ಅವರನ್ನೇ ಕೇಳಿತು. ಕೆಲಸ ಕಳೆದುಕೊಂಡರು, ಚಿಕಿತ್ಸೆ ಸಿಗದೆ ಒದ್ದಾಡಿದರು, ಕೆಲವರನ್ನು ಗಡೀಪಾರು ಮಾಡಿದ್ದೂ ಆಯಿತು. 2018ರಲ್ಲಿ ಹಗರಣ ಹೊರಬಿದ್ದು ಪ್ರಧಾನಿ ಕ್ಷಮೆ ಕೇಳಬೇಕಾಯಿತು. ತಾಯಂದಿರನ್ನು ಭಾಷಣಗಳಲ್ಲಿ ಕೊಂಡಾಡಿದ ದೇಶವೇ ಮಕ್ಕಳಿಗೆ ‘ನೀನು ಯಾರು’ ಎಂದದ್ದು.

ಯಾರೂ ಎಳೆದುಕೊಂಡು ಹೋಗಲಿಲ್ಲ, ದುಡ್ಡಿಗಾಗಿ ತಾವಾಗಿ ಹೋದರು, ಮನೆ ಕಟ್ಟಿದರು, ತಮ್ಮಂದಿರನ್ನು ಓದಿಸಿದರು, ಅನ್ಯಾಯದ ಮಾತೇಕೆ ಎನ್ನುವವರೂ ಇದ್ದಾರೆ. ನಿಜ, ತಾವಾಗಿಯೇ ಹೋದರು. ಹಾಗಾದರೆ ಆಕೆ ಹೊರಟದ್ದು ಬಲಿಯಾಗಲು ಅಲ್ಲ, ಸಂಪಾದಿಸಲು. ‘ತ್ಯಾಗ’ ಎಂಬ ಪದ ಇನ್ನೂ ಕಡಿಮೆ ಹೊಂದುತ್ತದೆ. ಹೀಗೆ ಸಂಪಾದಿಸಲು ಹೊರಟವರು ಬೇರೆಡೆಯೂ ಇದ್ದರು. ಪಶ್ಚಿಮ ಜರ್ಮನಿಗೆ 1960-70ರ ದಶಕಗಳಲ್ಲಿ ದಕ್ಷಿಣ ಕೊರಿಯಾದಿಂದ ಹತ್ತು ಸಾವಿರಕ್ಕೂ ಹೆಚ್ಚು ನರ್ಸುಗಳು ಹೋದರು, ಕೇರಳದ ಯುವತಿಯರು ಚರ್ಚಿನ ಸಂಸ್ಥೆಗಳ ಮೂಲಕ ಹೋದರು. ಎಪ್ಪತ್ತರ ದಶಕದಲ್ಲಿ ಅರ್ಥವ್ಯವಸ್ಥೆ ಮುಗ್ಗರಿಸಿದಾಗ ಹಲವರ ಪರವಾನಗಿ ನವೀಕರಿಸದೆ ಹಿಂದಕ್ಕೆ ಕಳಿಸಲು ನೋಡಿದರು. ಕೊರಿಯಾದ ನರ್ಸುಗಳು ಬೀದಿಯಲ್ಲಿ ನಿಂತು ಸಹಿ ಸಂಗ್ರಹಿಸಿ ಅಲ್ಲೇ ಉಳಿಯುವ ಹಕ್ಕನ್ನು ಗೆದ್ದರು. ಅವರು ಮಂಡಿಸಿದ್ದು ತಮ್ಮ ಸಹನೆಯನ್ನಲ್ಲ, ಮಾಡಿದ ಕೆಲಸವನ್ನು.

ಕನ್ನಡದಲ್ಲಿ ನಮ್ಮ ಮಾತೇ ಈ ಮರೆವಿಗೆ ನೆರವಾಗುತ್ತದೆ. ‘ದಾದಿ’ ಎಂದರೆ ಪರರ ಮಗುವಿಗೆ ಹಾಲೂಡಿಸಿ ಸಾಕುವವಳು ಎಂಬ ಹಳೆಯ ಅರ್ಥ ಇನ್ನೂ ಅಂಟಿಕೊಂಡಿದೆ, ಆಸ್ಪತ್ರೆಯಲ್ಲಿ ಕೂಗುವುದು ‘ಸಿಸ್ಟರ್’ ಎಂದು. ಡಾಕ್ಟರನ್ನು ಯಾರೂ ‘ಬ್ರದರ್’ ಎನ್ನುವುದಿಲ್ಲ. ಮಂಗಳೂರು, ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ಕೊಲ್ಲಿಗೆ ಹೋದವರ ಮೊದಲ ತಲೆಮಾರಿಗೆ ಈಗ ವಯಸ್ಸಾಗಿದೆ. ಎಷ್ಟು ದುಡಿದರೂ ಪೌರತ್ವ ಕೊಡದ ದೇಶಗಳಿಂದ ಅವರಲ್ಲಿ ಹೆಚ್ಚಿನವರು ಊರಿಗೆ ಮರಳಿದ್ದಾರೆ. ಅವರ ಬಗೆಗಿನ ನಾಲ್ಕು ಸಾಲು ಬರೆಯುವ ಕಾಲ ದೂರವಿಲ್ಲ. ಅದಕ್ಕೆ ಮೊದಲೇ ಮಕ್ಕಳು ಕಪಾಟು ತೆರೆದು, ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ ಪತ್ರವನ್ನೂ ಹಳೆಯ ಕರಾರಿನ ಹಾಳೆಯನ್ನೂ ಹೊರತೆಗೆದು, ಅಮ್ಮನ ಮುಂದೆ ಕೂತು ಕೇಳಬಹುದು: ಯಾವ ವಾರ್ಡು, ಎಷ್ಟು ಹಾಸಿಗೆ, ಒಂದು ರಾತ್ರಿಗೆ ಎಷ್ಟು ಜನ ನರ್ಸ್ ಇರುತ್ತಿದ್ದಿರಿ, ಸಂಬಳ ಎಷ್ಟು ಬರುತ್ತಿತ್ತು, ಅದೇ ಕೆಲಸಕ್ಕೆ ಪಕ್ಕದವಳಿಗೆ ಎಷ್ಟು?